ಹೋಗೂಕೆ, ವಚೂಂಕ್, ಆಲೇ

‘ಹೋದಳು’ ಎಂದರೆ ಕೆಲಸ ಯಾವುದು, ಮಾಡಿದವರು ಯಾರು, ಯಾವಾಗ ಎಂಬ ಮೂರೂ ತಿಳಿಯುತ್ತವೆ. ‘ಹೋಗಲು’ ಎಂದಾಗ ಉಳಿಯುವುದು ಕೆಲಸವೊಂದೇ. ಲಿಂಗ, ವಚನ, ಕಾಲ ಯಾವುದೂ ಅಂಟಿಕೊಳ್ಳದ ಈ ರೂಪವನ್ನು ಕನ್ನಡದ ಶಾಲಾ ವ್ಯಾಕರಣ ಕೃದಂತಾವ್ಯಯಗಳಲ್ಲಿ ಸೇರಿಸುತ್ತದೆ. ಸಂಸ್ಕೃತದಲ್ಲಿ ತುಮುನ್ ಪ್ರತ್ಯಯ ಹತ್ತಿದ ಕರ್ತುಂ, ಗಂತುಂ ಮುಂತಾದವು ಇದೇ ಕೆಲಸ ಮಾಡುತ್ತವೆ. ಫ್ರೆಂಚರು ಇದನ್ನು ‘ಆ್ಯಂಫಿನಿತೀಫ್’ ಎನ್ನುತ್ತಾರೆ. ಇಲ್ಲಿ ಇದನ್ನು ಭಾವರೂಪ ಎನ್ನೋಣ. ಫ್ರೆಂಚ್ ಕಲಿಯುವವರಿಗೆ ಮೊದಲ ದಿನವೇ ಎದುರಾಗುವ ರೂಪ ಇದು. ಆ ಭಾಷೆಯ ನಿಘಂಟುಗಳಲ್ಲಿ ಕ್ರಿಯಾಪದವನ್ನು ಹುಡುಕಬೇಕಾದದ್ದೇ ಈ ರೂಪದಲ್ಲಿ. ಕನ್ನಡ ನಿಘಂಟು ‘ಹೋಗು’ ಎಂಬ ಧಾತುವನ್ನು ಕೊಟ್ಟರೆ ಫ್ರೆಂಚ್ ನಿಘಂಟು ‘ಆಲೇ’ ಎಂದು ಕೊಡುತ್ತದೆ.

ಕಾರವಾರ ಮತ್ತು ಅಂಕೋಲೆಯ ಜನಕ್ಕೆ ಈ ರೂಪ ಎರಡು ಭಾಷೆಗಳಲ್ಲಿ ಬಾಯಿಗೆ ಬಂದಿದೆ. ಅಂಕೋಲೆಯ ಕಡೆಯ ಮಾತುಕನ್ನಡದಲ್ಲಿ ‘ಹೋಗಲಿಕ್ಕೆ’ ಎಂಬುದು ‘ಹೋಗೂಕೆ’ ಆಗುತ್ತದೆ, ‘ಮಾಡಲಿಕ್ಕೆ’ ‘ಮಾಡೂಕೆ’ ಆಗುತ್ತದೆ. ಇದೇ ಜಿಲ್ಲೆಯ ಹವ್ಯಕರು ‘ಹೋಪಲೆ’, ‘ಮಾಡಲೆ’ ಎನ್ನುತ್ತಾರೆ. ಕಾರವಾರದ ಕೊಂಕಣಿಯಲ್ಲಿ ಅದೇ ಜಾಗಕ್ಕೆ ‘ವಚೂಂಕ್’, ‘ಕರೂಂಕ್’ ಬರುತ್ತವೆ. ಸಮುದಾಯದಿಂದ ಸಮುದಾಯಕ್ಕೆ ಉಚ್ಚಾರ ಸ್ವಲ್ಪ ಬದಲಾಗುತ್ತದೆ, ರಚನೆ ಬದಲಾಗುವುದಿಲ್ಲ. ಕಾಳಿ ನದಿ ದಾಟಿ ಮಾಜಾಳಿಯ ಆಚೆ ಹೋದರೆ ಗೋವಾ. 1961ರವರೆಗೆ ಅಲ್ಲಿ ಆಡಳಿತ ನಡೆಸಿದ ಪೋರ್ಚುಗೀಸರ ಭಾಷೆ ಫ್ರೆಂಚಿನ ಒಡಹುಟ್ಟು. ಎರಡರ ಭಾವರೂಪಗಳೂ ಲ್ಯಾಟಿನ್ನಿನಿಂದ ಇಳಿದು ಬಂದವು. ಗೋವಾದ ಶಾಲೆಗಳಲ್ಲಿ ಇಂದಿಗೂ ಫ್ರೆಂಚ್ ಕಲಿಸುತ್ತಾರೆ. ಕರಾವಳಿಯ ಈ ಭಾಗದಲ್ಲಿ ಫ್ರೆಂಚ್ ಕಲಿಯುವವರು ಇಂಗ್ಲಿಷಿನ ಮೂಲಕ ಸುತ್ತಿ ಬರಬೇಕಾಗಿಲ್ಲ. ಮನೆಮಾತೇ ಹತ್ತಿರದ ದಾರಿ.

ರೂಪವನ್ನು ಗುರುತಿಸುವುದು ಸುಲಭ. ಫ್ರೆಂಚ್ ಕ್ರಿಯಾಪದಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮೊದಲ ಗುಂಪಿನವು. ಬರೆಯುವಾಗ ಅವುಗಳ ಕೊನೆಯಲ್ಲಿ ಇ ಮತ್ತು ಆರ್ ಅಕ್ಷರಗಳಿರುತ್ತವೆ, ಓದುವಾಗ ಆರ್ ಮೂಕವಾಗಿ ‘ಏ’ ಎಂಬ ಧ್ವನಿಯಷ್ಟೇ ಕೇಳುತ್ತದೆ: ಪಾರ್ಲೇ (ಮಾತಾಡಲು), ಮಾಂಜೇ (ತಿನ್ನಲು), ಆಶ್ತೇ (ಕೊಳ್ಳಲು). ಭಾಷೆಗೆ ಹೊಸದಾಗಿ ಬಂದ ಕ್ರಿಯಾಪದಗಳೂ ಸಾಮಾನ್ಯವಾಗಿ ಈ ಗುಂಪಿಗೇ ಸೇರುತ್ತವೆ. ಕನ್ನಡ ‘ಫೋನ್ ಮಾಡು’ ಎಂದು ‘ಮಾಡು’ವಿನ ಸಹಾಯ ಪಡೆದರೆ ಫ್ರೆಂಚ್ ನೇರವಾಗಿ ‘ತೆಲೆಫೊನೇ’ ಎಂದು ಪ್ರತ್ಯಯ ಹಚ್ಚುತ್ತದೆ. ಎರಡನೆಯ ಗುಂಪು ‘ಫಿನೀರ್’ (ಮುಗಿಸಲು) ಮಾದರಿಯದು. ಮೂರನೆಯದರಲ್ಲಿ ಉಳಿದ ಅನಿಯಮಿತ ಪದಗಳೆಲ್ಲ ಇವೆ: ವನೀರ್ (ಬರಲು), ವಾಂದ್ರ್ (ಮಾರಲು), ಫೇರ್ (ಮಾಡಲು), ಸಾವ್ವಾರ್ (ತಿಳಿಯಲು). ‘ಆಲೇ’ ಮೊದಲ ಗುಂಪಿನ ವೇಷದಲ್ಲಿದ್ದರೂ ಇದೇ ಗುಂಪಿಗೆ ಸೇರಿದ್ದು. ದಿನಬಳಕೆಯ ಪದಗಳು ಹೆಚ್ಚಾಗಿ ಈ ಸಣ್ಣ ಗುಂಪಿನಲ್ಲಿಯೇ ಇರುವುದರಿಂದ ಇದನ್ನು ಬಾಯಿಪಾಠ ಮಾಡದೆ ಗತ್ಯಂತರವಿಲ್ಲ.

ಈ ರೂಪ ಹೆಚ್ಚಾಗಿ ಬರುವುದು ಇನ್ನೊಂದು ಕ್ರಿಯಾಪದದ ಬೆನ್ನಿಗೆ. ‘ಜ ವ ಪಾರ್ತೀರ್’ ಎಂದರೆ ‘ನಾನು ಹೊರಡಬಯಸುತ್ತೇನೆ’. ‘ಜ ದ್ವಾ ಪಾರ್ತೀರ್’ ಎಂದರೆ ‘ನಾನು ಹೊರಡಬೇಕು’. ಮೊದಲ ಕ್ರಿಯಾಪದ ಕರ್ತೃವಿಗೆ ತಕ್ಕಂತೆ ಬದಲಾಗುತ್ತದೆ, ‘ಪಾರ್ತೀರ್’ ಕದಲುವುದಿಲ್ಲ. ಕನ್ನಡದ ‘ಹೊರಡಬೇಕು’, ‘ಹೊರಡಬಹುದು’, ‘ಹೊರಡಬಾರದು’ ಎಂಬ ಪದಗಳ ಮುಂಭಾಗದಲ್ಲಿರುವುದೂ ಇದೇ ಭಾವರೂಪ. ಹಳಗನ್ನಡದಲ್ಲಿ ‘ಅಲ್’ ಪ್ರತ್ಯಯ ಸ್ಪಷ್ಟವಾಗಿತ್ತು, ಈ ಪದಗಳಲ್ಲಿ ಈಗ ‘ಅ’ ಮಾತ್ರ ಇದೆ. ಎರಡು ಪದಗಳು ಬೆಸೆದುಕೊಂಡಿರುವ ಕಾರಣ ಮಾತಾಡುವವರಿಗೆ ಅದು ಕಾಣುವುದಿಲ್ಲ. ಕೊಂಕಣಿಯಲ್ಲಿ ಬೆಸುಗೆಯಿಲ್ಲದೆ ಕಾಣುತ್ತದೆ: ‘ಮ್ಹಾಕಾ ವಚೂಂಕ್ ಜಾಯ್’, ನನಗೆ ಹೋಗಬೇಕು.

ನಿಷೇಧದಲ್ಲಿ ಕರಾವಳಿಯ ಎರಡು ಭಾಷೆಗಳು ಇನ್ನೂ ಹತ್ತಿರ ಬರುತ್ತವೆ. ‘ಹೋಗಲಿಲ್ಲ’ ಎಂಬುದನ್ನು ಬಿಡಿಸಿದರೆ ‘ಹೋಗಲ್’ ಮತ್ತು ‘ಇಲ್ಲ’. ಕೊಂಕಣಿಯಲ್ಲಿ ‘ಹಾಂವ್ ವಚೂಂಕ್ ನಾ’ ಎಂದರೆ ‘ನಾನು ಹೋಗಲಿಲ್ಲ’. ಅಲ್ಲಿಯೂ ಭಾವರೂಪಕ್ಕೆ ‘ಇಲ್ಲ’ ಸೇರಿ ಭೂತಕಾಲದ ನಿಷೇಧವಾಗಿದೆ. ಕೊಂಕಣಿಯ ಹತ್ತಿರದ ಬಂಧುವಾದ ಮರಾಠಿ ಹೀಗೆ ಮಾಡುವುದಿಲ್ಲ, ಅದು ‘ಗೆಲೋ ನಾಹೀ’ ಎಂದು ಭೂತಕೃದಂತವನ್ನು ಬಳಸುತ್ತದೆ. ಕೊಂಕಣಿ ಇಂಡೋ-ಆರ್ಯನ್, ಕನ್ನಡ ದ್ರಾವಿಡ. ಶತಮಾನಗಳ ಕಾಲ ಒಂದೇ ಪೇಟೆಯಲ್ಲಿ, ಒಂದೇ ದಂಡೆಯಲ್ಲಿ ಬದುಕಿದ ಭಾಷೆಗಳ ನಡುವೆ ಪದಗಳಷ್ಟೇ ಅಲ್ಲ, ವಾಕ್ಯದ ಕಟ್ಟೂ ದಾಟುತ್ತದೆ ಎಂಬುದಕ್ಕೆ ಇಷ್ಟು ಒಳ್ಳೆಯ ನಿದರ್ಶನ ಅಪರೂಪ.

ಇಂಗ್ಲಿಷಿನ ಮೂಲಕ ಫ್ರೆಂಚ್ ಕಲಿಯುವವರು ಎಡವುವ ಒಂದು ಜಾಗವನ್ನು ಕರಾವಳಿಯವರು ನಿರಾಯಾಸವಾಗಿ ದಾಟಬಲ್ಲರು. ಇಂಗ್ಲಿಷಿನ ‘ಕ್ಯಾನ್’ ಎಂಬ ಒಂದೇ ಪದಕ್ಕೆ ಫ್ರೆಂಚಿನಲ್ಲಿ ಎರಡು ಕ್ರಿಯಾಪದಗಳಿವೆ, ಸಾವ್ವಾರ್ ಮತ್ತು ಪೂವ್ವಾರ್. ‘ಜ ಸೇ ನಾಜೇ’ ಎಂದರೆ ಈಜು ಕಲಿತಿದ್ದೇನೆ ಎಂದರ್ಥ. ‘ಜ ಪ ನಾಜೇ’ ಎಂದರೆ ಈಗ ಈಜುವ ಅನುಕೂಲವಿದೆ, ಅಡ್ಡಿಯಿಲ್ಲ ಎಂದರ್ಥ. ಅಂಕೋಲೆಯಲ್ಲಿ ಇವೆರಡು ಎಂದೂ ಒಂದಾಗಿಲ್ಲ: ‘ನಂಗೆ ಈಜೂಕೆ ಬರ್ತದೆ’ ಬೇರೆ, ‘ನಂಗೆ ಈಜೂಕೆ ಆಗ್ತದೆ’ ಬೇರೆ. ಮಳೆಗಾಲದಲ್ಲಿ ಗಂಗಾವಳಿ ತುಂಬಿ ಹರಿಯುವಾಗ ಈಜೂಕೆ ಬರುವವರಿಗೂ ಈಜೂಕೆ ಆಗುವುದಿಲ್ಲ. ಕೊಂಕಣಿಯೂ ‘ಪೆಂವೂಂಕ್ ಯೆತಾ’, ‘ಪೆಂವೂಂಕ್ ಜಾತಾ’ ಎಂದು ಬೇರೆ ಮಾಡುತ್ತದೆ. ‘ಬರ್ತದೆ’ ಇದ್ದಲ್ಲಿ ಸಾವ್ವಾರ್, ‘ಆಗ್ತದೆ’ ಇದ್ದಲ್ಲಿ ಪೂವ್ವಾರ್. ಹೆಚ್ಚಿನ ಸಂದರ್ಭಗಳಲ್ಲಿ ಇಷ್ಟು ಸಾಕು.

ಫ್ರೆಂಚಿನ ಭವಿಷ್ಯತ್ಕಾಲವೂ ಭಾವರೂಪದಿಂದಲೇ ಹುಟ್ಟಿದ್ದು. ಲ್ಯಾಟಿನ್ನಿನ ಆಡುಮಾತಿನಲ್ಲಿ ಭಾವರೂಪದ ನಂತರ ‘ಹೊಂದಿದ್ದೇನೆ’ ಎಂಬರ್ಥದ ಕ್ರಿಯಾಪದ ಸೇರಿತು. ಅದು ಸವೆದು ಅಂಟಿಕೊಂಡು ‘ಪಾರ್ಲರೇ’ (ಮಾತಾಡುವೆನು) ಆಯಿತು. ಕನ್ನಡ ಪತ್ರಿಕೆಗಳ ‘ಉದ್ಘಾಟಿಸಲಿದ್ದಾರೆ’, ‘ಆಗಮಿಸಲಿದ್ದಾರೆ’ ಎಂಬ ಪದಗಳಲ್ಲಿಯೂ ಭಾವರೂಪಕ್ಕೆ ‘ಇರು’ ಸೇರಿ ಮುಂದಿನ ಕಾಲವನ್ನು ಹೇಳುತ್ತದೆ. ಆಡುಮಾತಿನ ಫ್ರೆಂಚಿನಲ್ಲಿ ಹತ್ತಿರದ ಭವಿಷ್ಯಕ್ಕೆ ‘ಆಲೇ’ಯ ರೂಪಗಳನ್ನು ಬಳಸುವುದು ಹೆಚ್ಚು: ‘ಜ ವೇ ಪಾರ್ತೀರ್’, ಇನ್ನೇನು ಹೊರಡಲಿದ್ದೇನೆ.

ಕಷ್ಟ ಶುರುವಾಗುವುದು ಎರಡು ಕ್ರಿಯಾಪದಗಳ ನಡುವೆ ‘ಆ’ ಅಥವಾ ‘ದ’ ಎಂಬ ಉಪಸರ್ಗ ಬಂದಾಗ. ‘ಕೊಮಾಂಸೇ’ (ಶುರುಮಾಡಲು), ‘ಆಪ್ರಾಂದ್ರ್’ (ಕಲಿಯಲು) ‘ಆ’ ಬೇಡುತ್ತವೆ. ‘ಫಿನೀರ್’, ‘ಎಸೆಯೇ’ (ಪ್ರಯತ್ನಿಸಲು), ‘ಊಬ್ಲಿಯೇ’ (ಮರೆಯಲು) ‘ದ’ ಬೇಡುತ್ತವೆ. ಇದಕ್ಕೆ ಪೂರ್ತಿ ಒಪ್ಪುವ ಕಾರಣ ಕೊಡಲಾಗದು. ಇಲ್ಲಿ ಮನೆಮಾತಿನ ನೆರವೂ ಸಿಗುವುದಿಲ್ಲ. ಕನ್ನಡ ‘ತಿಂದು ಮುಗಿಸು’, ‘ಮಾಡಿ ನೋಡು’ ಎಂದು ಭೂತಕಾಲದ ಕೃದಂತಾವ್ಯಯವನ್ನು ಬಳಸುವ ಎಷ್ಟೋ ಕಡೆ ಫ್ರೆಂಚ್ ಭಾವರೂಪವನ್ನೇ ಇಡುತ್ತದೆ. ‘ಸಾಂ ಮಾಂಜೇ’ ಎಂದರೆ ‘ತಿನ್ನದೆ’, ‘ಆವಾಂ ದ ಮಾಂಜೇ’ ಎಂದರೆ ‘ತಿನ್ನುವ ಮುಂಚೆ’. ಕನ್ನಡದಲ್ಲಿ ಮೂರು ನಾಲ್ಕು ಕೃದಂತಗಳು ಹಂಚಿಕೊಂಡ ಕೆಲಸವನ್ನು ಫ್ರೆಂಚಿನಲ್ಲಿ ಒಂದೇ ರೂಪ ನಿಭಾಯಿಸುತ್ತದೆ.

ಉದ್ದೇಶ ಹೇಳುವಾಗ ‘ಪೂರ್’ ಬರುತ್ತದೆ: ‘ಪೂರ್ ಆಶ್ತೇ’, ಕೊಳ್ಳಲಿಕ್ಕೆ. ಇಲ್ಲಿ ಒಂದು ನಿರ್ಬಂಧವಿದೆ. ‘ಕೊಳ್ಳಲಿಕ್ಕೆ ಹೋದರು’ ಎಂದರೆ ಹೋದವರು, ಕೊಳ್ಳುವವರು ಒಬ್ಬರೇ ಆಗಿರಬೇಕು. ‘ಮಗ ಓದಲು ತಾಯಿ ದುಡ್ಡು ಕಳಿಸಿದಳು’ ಎಂಬ ವಾಕ್ಯ ಕನ್ನಡಕ್ಕೆ ಸಹಜ. ಫ್ರೆಂಚಿನಲ್ಲಿ ಕರ್ತೃ ಬೇರೆಯಾದ ಕೂಡಲೇ ಭಾವರೂಪವನ್ನು ಬಿಟ್ಟು ‘ಪೂರ್ ಕ’ ಎಂದು ಬೇರೆ ಉಪವಾಕ್ಯ ಕಟ್ಟಬೇಕು.

ಭಾವರೂಪ ನಾಮಪದವೂ ಆಗಬಲ್ಲದು. ‘ಈಜುವುದು’ ಎಂಬ ಅರ್ಥದಲ್ಲಿ ‘ನಾಜೇ’ ವಾಕ್ಯದ ಕರ್ತೃವಾಗಿ ಕೂರುತ್ತದೆ. ಗೋವಾದ ಕೊಂಕಣಿ ನಿಘಂಟುಗಳು ಮುಖ್ಯಪದವಾಗಿ ಕೊಡುವ ‘ವಚಪ್’, ‘ಕರಪ್’ ಇದಕ್ಕೆ ಸಮೀಪದವು. ಸೂಚನಾಫಲಕ ಮತ್ತು ಅಡುಗೆ ಪುಸ್ತಕಗಳಲ್ಲಿ ಫ್ರೆಂಚ್ ಭಾವರೂಪ ಆಜ್ಞೆಯ ಬದಲಿಗೂ ನಿಲ್ಲುತ್ತದೆ. ಕನ್ನಡದಲ್ಲಿ ‘ಧೂಮಪಾನ ಮಾಡಬಾರದು’ ಎಂದು ಬರೆಯುವಲ್ಲಿ ಫ್ರೆಂಚಿನಲ್ಲಿ ‘ನ ಪಾ ಫ್ಯುಮೇ’ ಎಂದಿರುತ್ತದೆ. ಗಮನಿಸಬೇಕಾದದ್ದು ನಿಷೇಧದ ಜಾಗ: ‘ಜ ನ ಫ್ಯುಮ್ ಪಾ’ (ನಾನು ಸೇದುವುದಿಲ್ಲ) ಎನ್ನುವಾಗ ‘ನ’ ಮತ್ತು ‘ಪಾ’ ಕ್ರಿಯಾಪದದ ಆಚೀಚೆ ಇರುತ್ತವೆ, ಭಾವರೂಪಕ್ಕೆ ಮಾತ್ರ ಎರಡೂ ಮುಂದೆಯೇ ಬರುತ್ತವೆ. ‘ಫೇರ್’ ಸೇರಿದರೆ ಪ್ರೇರಣಾರ್ಥ: ಕನ್ನಡ ‘ಇಸು’ ಹಚ್ಚಿ ‘ತಿನ್ನಿಸು’ ಎಂದರೆ ಫ್ರೆಂಚ್ ‘ಫೇರ್ ಮಾಂಜೇ’ ಎನ್ನುತ್ತದೆ.

ಬರವಣಿಗೆಯಲ್ಲಿ ಫ್ರೆಂಚ್ ಮಕ್ಕಳೂ ತಪ್ಪುವ ಜಾಗ ಒಂದಿದೆ. ‘ತಿನ್ನಲು’ ಎಂಬುದಕ್ಕೂ ‘ತಿಂದ’ ಎಂಬ ಭೂತಕೃದಂತಕ್ಕೂ ಉಚ್ಚಾರ ಒಂದೇ, ‘ಮಾಂಜೇ’. ಕಾಗುಣಿತ ಮಾತ್ರ ಬೇರೆ. ‘ಆಪ್ರೆ ಆವ್ವಾರ್ ಮಾಂಜೇ’ (ತಿಂದ ಮೇಲೆ) ಎಂಬಲ್ಲಿ ಭಾವರೂಪ ಇರುವುದು ‘ಆವ್ವಾರ್’ನಲ್ಲಿ, ಕೊನೆಯ ‘ಮಾಂಜೇ’ ಭೂತಕೃದಂತ. ಸಂಶಯ ಬಂದಾಗ ಆ ಜಾಗದಲ್ಲಿ ಮೂರನೆಯ ಗುಂಪಿನ ಪದವೊಂದನ್ನು ಇಟ್ಟು ನೋಡುವ ಉಪಾಯವನ್ನು ಅಲ್ಲಿನ ಶಾಲೆಗಳಲ್ಲಿ ಕಲಿಸುತ್ತಾರೆ. ‘ವಾಂದ್ರ್’ ಹೊಂದಿದರೆ ಭಾವರೂಪ, ‘ವಾಂದ್ಯು’ ಹೊಂದಿದರೆ ಭೂತಕೃದಂತ. ಕನ್ನಡಿಗರು ಅರ್ಥವನ್ನು ಕೇಳಿಕೊಂಡರೂ ಹೆಚ್ಚಿನ ಕಡೆ ದಾರಿ ಸಿಗುತ್ತದೆ, ಆದರೆ ‘ತಿಂದು ಮುಗಿಸು’ ಎಂಬಂಥ ವಾಕ್ಯಗಳು ದಾರಿ ತಪ್ಪಿಸುವುದರಿಂದ ಫ್ರೆಂಚರ ಉಪಾಯವೇ ಹೆಚ್ಚು ಭದ್ರ.

ಫ್ರೆಂಚ್ ಕಲಿಯಲು ಹೊರಟವರು ಹೊಸ ಕ್ರಿಯಾಪದ ಸಿಕ್ಕಿದಾಗಲೆಲ್ಲ ಅದನ್ನು ಭಾವರೂಪದಲ್ಲಿ, ಅದು ಬೇಡುವ ‘ಆ’ ಅಥವಾ ‘ದ’ ಸಮೇತ ಬರೆದಿಟ್ಟುಕೊಳ್ಳಬೇಕು. ಪಕ್ಕದಲ್ಲಿ ಅರ್ಥವನ್ನು ಇಂಗ್ಲಿಷಿನಲ್ಲಿ ಬರೆಯುವ ಬದಲು ‘ಹೋಗೂಕೆ’, ‘ವಚೂಂಕ್’ ಎಂದೇ ಬರೆಯಲಿ.