ಪಂಪ್ ಮುಚ್ಚಿಡಬೇಡಿ: ಅಲರ್ಜಿ ಅಸ್ತಮಾ ತಿಳಿಯೋಣ



ಕಳೆದ ಚಳಿಗಾಲದ ಮಾತು. ಕಬ್ಬಿನ ಹಂಗಾಮು ನಡೆದಿತ್ತು. ಶಾಲೆಯ ಹಿಂದಿನ ಹೊಲದಲ್ಲಿ ರವದಿಗೆ ಬೆಂಕಿ ಹಚ್ಚಿದ್ದರು. ಒಂಬತ್ತನೆಯ ವರ್ಗದ ಹುಡುಗಿಯೊಬ್ಬಳು ಪಾಠ ಓದುತ್ತಿದ್ದವಳು ನಡುವೆಯೇ ನಿಂತಳು. ಎದೆಯಿಂದ ಸುಂಯ್ ಸುಂಯ್ ಸಪ್ಪಳ. "ಪಂಪ್ ಎಲ್ಲೈತಿ?" ಎಂದು ಕೇಳಿದೆ. "ಮನ್ಯಾಗ..." ಅಷ್ಟೇ ಅನ್ನಲು ಆಯಿತು. ಆಸ್ಪತ್ರೆ ಹತ್ತಿರವಿತ್ತು, ಸುಧಾರಿಸಿಕೊಂಡಳು. ಮರುದಿನ ಅವಳ ತಾಯಿ ಹೇಳಿದರು: "ಪಂಪ್ ತೊಗೊಂಡ್ರ ಚಟ ಬೀಳತೈತಿ ಅಂತಾರ್ರಿ ಸರ್. ಅದಕ್ಕ ಕಪಾಟದಾಗ ಇಟ್ಟೀನ್ರಿ."

ಈ ಮಾತು ನಿಜವೇ? ಉತ್ತರ ಸಿಗಬೇಕಾದರೆ ಶ್ವಾಸನಾಳದ ಒಳಗೆ ಏನಾಗುತ್ತದೆ ಎಂದು ನೋಡಬೇಕು.

ನಳಿಕೆಯೊಳಗಿನ ಜಗಳ

ನಮ್ಮ ದೇಹದ ರಕ್ಷಣಾ ವ್ಯವಸ್ಥೆ ರೋಗಾಣುಗಳ ಜೊತೆ ಹೋರಾಡುತ್ತದೆ. ಕೆಲವರಲ್ಲಿ ಅದು ಪರಾಗ, ಧೂಳಿನಂಥ ನಿರುಪದ್ರವಿ ವಸ್ತುವನ್ನೂ ವೈರಿ ಎಂದು ತಿಳಿಯುತ್ತದೆ. ಇದೇ ಅಲರ್ಜಿ. ಇದರ ಹಿಂದಿರುವ ಐಜಿಇ ಎಂಬ ಪ್ರತಿಕಾಯವನ್ನು 1966ರಲ್ಲಿ ಜಪಾನಿನ ಇಶಿಜಾಕಾ ದಂಪತಿ ಗುರುತಿಸಿದರು. ಐಜಿಇ ಅಂಟಿಕೊಂಡ ಮಾಸ್ಟ್ ಕೋಶಗಳಿಗೆ ಪರಾಗ ತಾಗಿದೊಡನೆ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಹೊರಬೀಳುತ್ತವೆ. ಆಗ ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪದರ ಊದುತ್ತದೆ, ಲೋಳೆ ದಪ್ಪವಾಗುತ್ತದೆ. ನಾವು ದಮ್ಮು, ಉಬ್ಬಸ ಅನ್ನುವುದು ಇದನ್ನೇ.

ಒಂದು ಲೆಕ್ಕ ನೋಡಿ. ನಳಿಕೆಯ ತ್ರಿಜ್ಯ ಅರ್ಧಕ್ಕೆ ಇಳಿದರೆ ಗಾಳಿಗೆ ಎದುರಾಗುವ ತಡೆ ಎರಡು ಪಟ್ಟಲ್ಲ, ಸುಮಾರು 16 ಪಟ್ಟು ಹೆಚ್ಚುತ್ತದೆ (2×2×2×2). ಅದಕ್ಕೇ ಸ್ವಲ್ಪ ಊತ ಬಂದರೂ ಅಷ್ಟೊಂದು ಸಂಕಟ.

ನಮ್ಮ ಊರಿನ ಕಾರಣಗಳು

ಕಾಂಗ್ರೆಸ್ ಕಸ ನಿಮಗೆಲ್ಲ ಗೊತ್ತು. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಈ ಪಾರ್ಥೇನಿಯಂ ಇಂದು ಜತ್ತದ ಬಯಲಿನಲ್ಲೂ ಇದೆ, ಮಿರಜದ ರೈಲು ಹಳಿ ಪಕ್ಕದಲ್ಲೂ ಇದೆ. ಇದರ ಪರಾಗ ಅಲರ್ಜಿ ತರುತ್ತದೆ. ಹೂ ಬಿಡುವ ಮೊದಲೇ ಕೈಗವಸು ಹಾಕಿಕೊಂಡು ಕೀಳಬೇಕು. ದಮ್ಮು ಇದ್ದವರು ಈ ಕೆಲಸಕ್ಕೆ ಹೋಗಬೇಡಿ.

ಎರಡನೆಯದು ನಾವು ಹೊದ್ದುಕೊಳ್ಳುವ ಕೌದಿ ಮತ್ತು ಗಾದಿ. ಅಲ್ಲಿ ಧೂಳಿನ ನುಸಿ ಇರುತ್ತದೆ: ಉದ್ದ ಸುಮಾರು 0.3 ಮಿ.ಮೀ., ಎಂಟು ಕಾಲು. ನಮ್ಮ ಮೈಯಿಂದ ಉದುರುವ ಚರ್ಮದ ಚೂರೇ ಅದರ ಊಟ. ಅದರ ಹಿಕ್ಕೆ ಉಸಿರಿನಲ್ಲಿ ಸೇರಿದರೆ ತೊಂದರೆ. 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ. ಒಗೆದದ್ದನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ. ಕೌದಿ ಝಾಡಿಸುವಾಗ ದಮ್ಮು ಇದ್ದವರು ದೂರ ಇರಬೇಕು.

ಮೂರನೆಯದು ಬೂಷ್ಟು. 2019ರ ಆಗಸ್ಟ್‌ನಲ್ಲಿ ಕೃಷ್ಣೆಯ ನೀರು ಸಾಂಗಲಿಯ ಮನೆಗಳಿಗೆ ಹೊಕ್ಕಿತ್ತು. ನೀರು ಇಳಿದ ಮೇಲೂ ಗೋಡೆ ಹಸಿಯಾಗಿದ್ದರೆ ಬೂಷ್ಟು ಬೆಳೆದು ಅದರ ಬೀಜಕಗಳು ಗಾಳಿಗೆ ಹಾರುತ್ತವೆ.

ರವದಿಯ ಹೊಗೆ, ಸೊಳ್ಳೆಬತ್ತಿ, ಪಟಾಕಿ ಬೇರೆ ಗುಂಪಿನವು. ಇವು ಅಲರ್ಜಿಯಿಂದಲ್ಲ, ಮೊದಲೇ ಊದಿದ ನಳಿಕೆಯನ್ನು ಕೆರಳಿಸಿ ಕಾಡುತ್ತವೆ.

ಪಂಪ್ ಚಟವೇ?

ಅಲ್ಲ. ಪಂಪ್‌ಗಳಲ್ಲಿ ಎರಡು ಬಗೆ. ಸಾಲ್ಬುಟಮಾಲ್‌ನಂಥ ಶಮನದ ಪಂಪ್ (ಹೆಚ್ಚಾಗಿ ನೀಲಿ ಬಣ್ಣದ್ದು) ಬಿಗಿದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ತಡೆಯುವ ಪಂಪ್ ಒಳಗಿನ ಊತ ಇಳಿಸುತ್ತದೆ, ಆದರೆ ನಿಧಾನ. ಅದನ್ನು ವೈದ್ಯರು ಹೇಳಿದಂತೆ ದಿನವೂ ತೆಗೆದುಕೊಂಡು ಬಾಯಿ ಮುಕ್ಕಳಿಸಬೇಕು. ಆರಾಮ ಅನಿಸಿತೆಂದು ನಾವೇ ನಿಲ್ಲಿಸಿದರೆ ಊತ ಮರಳುತ್ತದೆ. ಕನ್ನಡಕ ತೆಗೆದರೆ ಮಂಜು ಕಾಣುತ್ತದೆ, ಅದನ್ನು ಕನ್ನಡಕದ ಚಟ ಅಂತೀವೇನು? ಬರೀ ನೀಲಿ ಪಂಪ್ ಮೇಲೆಯೇ ದಿನ ದೂಡುವುದೂ ಅಪಾಯ. ಅದು ಪದೇ ಪದೇ ಬೇಕಾಗುತ್ತಿದ್ದರೆ ವೈದ್ಯರಿಗೆ ತೋರಿಸಿ.

ಇನ್ನೊಂದು ಲೆಕ್ಕ. ಸಾಲ್ಬುಟಮಾಲ್ ಗುಳಿಗೆಯಲ್ಲಿ 4 ಮಿಲಿಗ್ರಾಂ, ಅಂದರೆ 4000 ಮೈಕ್ರೋಗ್ರಾಂ ಔಷಧ ಇರುತ್ತದೆ. ಪಂಪ್‌ನ ಒಂದು ಒತ್ತಿಗೆ 100 ಮೈಕ್ರೋಗ್ರಾಂ. ಒಂದು ಗುಳಿಗೆಯ ಔಷಧದಲ್ಲಿ 40 ಒತ್ತು! ಗುಳಿಗೆ ರಕ್ತದಲ್ಲಿ ಸೇರಿ ಮೈಯೆಲ್ಲ ಸುತ್ತಬೇಕು, ಪಂಪ್ ನೇರ ಶ್ವಾಸನಾಳಕ್ಕೆ ಹೋಗುತ್ತದೆ.

ಈ ಪಂಪ್ ಹುಟ್ಟಿದ್ದು ನಿಮ್ಮ ವಯಸ್ಸಿನ ಹುಡುಗಿಯ ಪ್ರಶ್ನೆಯಿಂದ. ಅಮೆರಿಕದ ಔಷಧ ಕಂಪನಿಯೊಂದರ ಮುಖ್ಯಸ್ಥ ಜಾರ್ಜ್ ಮೈಸನ್ ಅವರ 13 ವರ್ಷದ ಮಗಳಿಗೆ ಅಸ್ತಮಾ ಇತ್ತು. ಕೂದಲಿಗೆ ಹೊಡೆಯುವ ಸ್ಪ್ರೇಯಂತೆ ತನ್ನ ಔಷಧವನ್ನೂ ಏಕೆ ಮಾಡಬಾರದು ಎಂದು ಅವಳು ಕೇಳಿದಳು. 1956ರಲ್ಲಿ ಅಳತೆಯ ಪಂಪ್ ಮಾರುಕಟ್ಟೆಗೆ ಬಂತು.

ಗೆಳೆಯನಿಗೆ ದಮ್ಮು ಹತ್ತಿದರೆ

1. ನೆಟ್ಟಗೆ ಕೂಡಿಸಿ, ಮಲಗಿಸಬೇಡಿ. ಸುತ್ತ ಮುತ್ತಬೇಡಿ. ಒಬ್ಬರು ಓಡಿಹೋಗಿ ಶಿಕ್ಷಕರನ್ನು ಕರೆಯಿರಿ.
2. ಅವರ ಶಮನದ ಪಂಪ್ ಅಲುಗಾಡಿಸಿ, ಸ್ಪೇಸರ್ ಇದ್ದರೆ ಜೋಡಿಸಿ, ಒಂದೊಂದಾಗಿ 4 ಒತ್ತು ಕೊಡಿ. ಸ್ಪೇಸರ್‌ನಿಂದ ಪ್ರತಿ ಒತ್ತಿಗೂ 4 ಉಸಿರು ಎಳೆಯಲಿ.
3. 4 ನಿಮಿಷ ಕಾಯಿರಿ. ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿಸಿ, ಮತ್ತೆ 4 ಒತ್ತು ಕೊಡಿ.
4. ಮಾತಾಡಲು ಆಗುತ್ತಿಲ್ಲ, ತುಟಿ ನೀಲಿಯಾಗಿದೆ, ಪಕ್ಕೆಲುಬಿನ ನಡುವಿನ ಚರ್ಮ ಒಳಸೇರುತ್ತಿದೆ ಎಂದರೆ ಕಾಯದೆ ಮೊದಲೇ 108 ಕರೆಯಿರಿ. ಸಪ್ಪಳ ನಿಂತಿತೆಂದು ಸಮಾಧಾನಪಡಬೇಡಿ. ಉಸಿರಾಟಕ್ಕೆ ಇನ್ನೂ ಕಷ್ಟವಾಗುತ್ತಿದ್ದರೆ ಅದು ಹೆಚ್ಚಿನ ಅಪಾಯದ ಗುರುತು.

ಆ ಹುಡುಗಿಯ ತಾಯಿಗೆ 40 ಒತ್ತಿನ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಈಗ ಪಂಪ್ ಅವಳ ಪಾಟೀಚೀಲದ ಹೊರಕಿಸೆಯಲ್ಲಿದೆ. ಬೆಂಚಿನ ಗೆಳತಿಯರಿಬ್ಬರಿಗೆ ಮೇಲಿನ ನಾಲ್ಕು ಹೆಜ್ಜೆ ಬಾಯಿಪಾಠವಾಗಿವೆ. ಯಾರೂ ನಗುವುದಿಲ್ಲ.

ನಿಮ್ಮ ವರ್ಗದಲ್ಲಿ ಯಾರಿಗೆ ದಮ್ಮು ಇದೆ? ಅವರ ಪಂಪ್ ಎಲ್ಲಿರುತ್ತದೆ? ನಾಳೆ ಶಾಲೆಗೆ ಹೋದಾಗ ಕೇಳಿ ತಿಳಿದುಕೊಳ್ಳಿ.