ಔಷಧಿ ಗಡ್ಡೆ ಒಳಗೆ ಹೋಯ್ತಾ?

ಇದು ಈ ವಾರದ ಮಾತಿನ ಬರಹ ರೂಪ. ಆಡಿದ್ದನ್ನ ಅಲ್ಲಲ್ಲಿ ಸ್ವಲ್ಪ ತಿದ್ದಿದೀನಿ. ನಾನು ಡಾಕ್ಟರ್ ಅಲ್ಲ, ಓದಿ ತಿಳ್ಕೊಂಡಿದ್ದನ್ನ ಹೇಳ್ತಿದೀನಿ ಅಷ್ಟೆ.

ಗುರುಗ್ರಾಮದಲ್ಲಿ ಕೆಲಸ ಮಾಡೋ ಹಾಸನದ ಹುಡುಗನೊಬ್ಬ ಅಪ್ಪನ ಲಿವರ್ ಕ್ಯಾನ್ಸರ್ ಚಿಕಿತ್ಸೆಗೆ ವಸಂತ್ ಕುಂಜ್‌ನ ಐಎಲ್‌ಬಿಎಸ್ ಆಸ್ಪತ್ರೆಗೆ ಬಂದಿದ್ದ. ಜೊತೆಗೆ ನಾನೂ ಹೋಗಿದ್ದೆ. ಎಲ್ಲಾ ಮುಗಿದ ಮೇಲೆ ಕೇಳಿದ: "ಅಣ್ಣಾ, ಇಷ್ಟು ಮಿಲಿಗ್ರಾಂ ಕೊಟ್ವಿ ಅಂತ ಬರ್ದಿದಾರೆ. ಗಡ್ಡೆ ಒಳಗೆ ಎಷ್ಟು ಹೋಯ್ತು ಅಂತ ಎಲ್ಲೂ ಇಲ್ವಲ್ಲ?"

ಹೌದು, ಇಲ್ಲ. ಸಾಮಾನ್ಯವಾಗಿ ಕೀಮೋ ಡೋಸ್ ಲೆಕ್ಕ ಹಾಕೋದು ಮೈಯ ಮೇಲ್ಮೈ ವಿಸ್ತೀರ್ಣದ ಮೇಲೆ. ಎತ್ತರ 170 ಸೆಂ.ಮೀ., ತೂಕ 65 ಕೆ.ಜಿ. ಇದ್ರೆ ಸುಮಾರು 1.75 ಚದರ ಮೀಟರ್. ಈ ಲೆಕ್ಕದ ಮೂಲ 1916ರ ಡುಬಾಯ್ ಸೂತ್ರ, ಅದಕ್ಕೆ ಅಳೆದಿದ್ದು ಬರೀ ಒಂಬತ್ತು ಜನರನ್ನ! ಕೆಲವು ಔಷಧಿಗಳಿಗೆ ರಕ್ತದಲ್ಲಿ ಅಳತೆ ಉಂಟು. ಮೆಥೋಟ್ರೆಕ್ಸೇಟ್ ಜಾಸ್ತಿ ಪ್ರಮಾಣದಲ್ಲಿ ಕೊಟ್ಟಾಗ 24, 48, 72 ಗಂಟೆಗೆ ರಕ್ತ ತೆಗೆದು ನೋಡ್ತಾರೆ. ಆದ್ರೆ ಅದು ಮುಖ್ಯವಾಗಿ ರೋಗಿಯನ್ನ ವಿಷದಿಂದ ಕಾಪಾಡೋಕೆ. ಗಡ್ಡೆಯ ಒಳಗಿನ ಕಥೆ ರಕ್ತಕ್ಕೆ ಗೊತ್ತಿಲ್ಲ. ನಮ್ಮ ಭಾಷೆಲಿ ಹೇಳೋದಾದ್ರೆ, ಗೇಟ್‌ವೇ ಲಾಗ್ ಇದೆ, ಡೇಟಾಬೇಸ್‌ಗೆ ರೈಟ್ ಆಯ್ತಾ ಅನ್ನೋದಕ್ಕೆ ಲಾಗ್ ಇಲ್ಲ.

ರಕ್ತದಲ್ಲಿರೋದು ಗಡ್ಡೆಗೆ ಯಾಕೆ ಹೋಗಲ್ಲ? ಇದನ್ನ ಬಿಡಿಸಿದವರಲ್ಲಿ ಮುಖ್ಯ ಹೆಸರು ರಾಕೇಶ್ ಜೈನ್. 1972ರಲ್ಲಿ ಐಐಟಿ ಕಾನ್ಪುರದಿಂದ ಬಿ.ಟೆಕ್. ಮುಗಿಸಿದ ಕೆಮಿಕಲ್ ಇಂಜಿನಿಯರ್, ಆಮೇಲೆ ಹಾರ್ವರ್ಡ್‌ನಲ್ಲಿ ಪ್ರೊಫೆಸರ್. ಗಡ್ಡೆಯ ರಕ್ತನಾಳಗಳು ಸೋರ್ತವೆ, ಸೋರಿದ ದ್ರವ ಆಚೆ ಹೋಗೋಕೆ ಸರಿಯಾದ ಚರಂಡಿ ಇಲ್ಲ, ಹಾಗಾಗಿ ಒಳಗೆ ಒತ್ತಡ ಏರುತ್ತೆ, ಔಷಧಿ ಬಾಗಿಲಲ್ಲೇ ನಿಲ್ಲುತ್ತೆ. 2005ರಲ್ಲಿ ಟೊರಾಂಟೊದವರು ಇಲಿಗಳ ಗಡ್ಡೆಯಲ್ಲಿ ಡಾಕ್ಸೊರುಬಿಸಿನ್ ಎಲ್ಲೆಲ್ಲಿದೆ ಅಂತ ನೋಡಿದ್ರು. ರಕ್ತನಾಳದಿಂದ 40-50 ಮೈಕ್ರಾನ್ ದೂರ ಹೋಗೋಷ್ಟರಲ್ಲಿ ಔಷಧಿ ಅರ್ಧಕ್ಕೆ ಇಳಿದಿತ್ತು. ತಲೆಕೂದಲಿನ ದಪ್ಪದ ಸುಮಾರು ಅರ್ಧ! ನೋಡೋಕೆ ಆಗಿದ್ದು ಯಾಕಂದ್ರೆ, ಈ ಕೆಂಪು ಔಷಧಿ ತಾನಾಗೇ ಬೆಳಕು ಸೂಸುತ್ತೆ.

ಮನುಷ್ಯರಲ್ಲಿ ಅಳೆಯೋದು ಕಷ್ಟ. ಸೂಜಿ ಚುಚ್ಚಿ ಚೂರು ತೆಗೆದ್ರೆ ಒಂದೇ ಜಾಗದ, ಒಂದೇ ಹೊತ್ತಿನ ಲೆಕ್ಕ ಸಿಗುತ್ತೆ. 5-ಎಫ್‌ಯು ಔಷಧಿಯಲ್ಲಿ ಫ್ಲೋರಿನ್ ಇರೋದ್ರಿಂದ ಎಂಆರ್ ತಂತ್ರದಲ್ಲಿ ಅದರ ಸಿಗ್ನಲ್ ಹಿಡಿದಿದಾರೆ. ಎಂಐಟಿಯವರು 2015ರಲ್ಲಿ ಅಕ್ಕಿ ಕಾಳಿನಷ್ಟು ಸಾಧನವನ್ನ ಇಲಿಗಳ ಗಡ್ಡೆಯೊಳಗೇ ಇಟ್ಟು ಹಲವು ಔಷಧಿಗಳನ್ನ ಒಟ್ಟಿಗೆ ಪರೀಕ್ಷೆ ಮಾಡಿದ್ರು. ಯಾವುದೂ ದಿನನಿತ್ಯದ ವಾರ್ಡಿಗೆ ಬಂದಿಲ್ಲ.

ಲಿವರ್‌ನಲ್ಲಿ ಮಾತ್ರ ಒಂದು ಅನುಕೂಲ ಇದೆ. ಆರೋಗ್ಯವಂತ ಲಿವರ್‌ಗೆ ಮುಕ್ಕಾಲು ಪಾಲು ರಕ್ತ ಕರುಳಿನ ಕಡೆಯಿಂದ, ಪೋರ್ಟಲ್ ವೇನ್ ಮೂಲಕ ಬರುತ್ತೆ. ಲಿವರ್ ಕ್ಯಾನ್ಸರ್ ಗಡ್ಡೆ ಬದುಕೋದು ಹೆಚ್ಚುಕಮ್ಮಿ ಪೂರ್ತಿ ಅಪಧಮನಿಯ ರಕ್ತದ ಮೇಲೆ. ಅದಕ್ಕೇ ತೊಡೆಸಂದಿನಿಂದ ಅಥವಾ ಮಣಿಕಟ್ಟಿನಿಂದ ತೆಳು ನಳಿಕೆ ತೂರಿಸಿ, ಆ ಅಪಧಮನಿಯ ಕವಲಿಗೇ ಔಷಧಿ ಬಿಟ್ಟು, ಆಮೇಲೆ ದಾರಿ ಮುಚ್ತಾರೆ. ಇದೇ ಟೇಸ್, ನಮ್ಮ ಹುಡುಗನ ಅಪ್ಪನಿಗೆ ಆಗಿದ್ದು. ಔಷಧಿ ಬೆರೆಸೋದು ಲಿಪಿಯೋಡಾಲ್ ಎಣ್ಣೆಯಲ್ಲಿ, ಅಂದ್ರೆ ಅಯೋಡಿನ್ ಸೇರಿಸಿದ ಗಸಗಸೆ ಎಣ್ಣೆ! (ಪಾಯಸದ ಗಸಗಸೆನೇ.) ಅಯೋಡಿನ್ ಇರೋದ್ರಿಂದ ಎಣ್ಣೆ ಕೂತ ಜಾಗ ಸಿಟಿಯಲ್ಲಿ ಬೆಳ್ಳಗೆ ಕಾಣುತ್ತೆ.

ಆದ್ರೆ ಇಲ್ಲಿ ಎಡವಬೇಡಿ. ಬೆಳ್ಳಗೆ ಕಾಣೋದು ಎಣ್ಣೆ, ಔಷಧಿ ಅಲ್ಲ. ಔಷಧಿ ಎಣ್ಣೆಯಿಂದ ಬೇಗ ಬಿಟ್ಟುಕೊಂಡು ರಕ್ತಕ್ಕೆ ಸೇರಬಹುದು. ಎಣ್ಣೆ ಬದಲು ಔಷಧಿ ತುಂಬಿದ ಸಣ್ಣ ಮಣಿಗಳನ್ನ ಬಿಡೋ ವಿಧಾನ ಬಂದಿದ್ದು ಈ ಕಾರಣಕ್ಕೂ ಹೌದು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಣಿ ಚಿಕಿತ್ಸೆ ಆಗಿ ಆಮೇಲೆ ಲಿವರ್ ಕಸಿ ಮಾಡಿಸಿಕೊಂಡವರ ಹಳೇ ಲಿವರ್‌ಗಳನ್ನ ಅದೇ ಬೆಳಕಿನ ಗುಣ ಬಳಸಿ ನೋಡಿದ್ರು. ತಿಂಗಳಾದ್ರೂ ಮಣಿಗಳ ಸುತ್ತ ಔಷಧಿ ಇತ್ತು. ನೇರ ಅಳತೆ ಅಂದ್ರೆ ಇದು, ಆದ್ರೆ ಲಿವರ್ ಆಚೆ ಬಂದ ಮೇಲೆ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ನಾಲ್ಕರಿಂದ ಆರು ವಾರಕ್ಕೆ ಕಾಂಟ್ರಾಸ್ಟ್ ಹಾಕಿ ಸ್ಕ್ಯಾನ್ ಮಾಡ್ತಾರೆ. ಗಡ್ಡೆಯ ಸೈಜ್ ಮಾತ್ರ ನೋಡ್ಬೇಡ, ಕಾಂಟ್ರಾಸ್ಟ್ ಹೀರ್ಕೊಳ್ಳೋ ಜೀವಂತ ಭಾಗ ಎಷ್ಟು ಉಳಿದಿದೆ ಅಂತ ಕೇಳು. ಎಣ್ಣೆ ಕೂರದೇ ಇರೋ ಮೂಲೆ ಇದೆಯಾ ಅಂತಲೂ ಕೇಳು. ಎಣ್ಣೆಯ ಬಿಳುಪೇ ಸಿಟಿಯಲ್ಲಿ ಆ ಜೀವಂತ ಭಾಗವನ್ನ ಮರೆಮಾಡೋದುಂಟು, ಹಾಗಿದ್ರೆ ಎಂಆರ್‌ಐ ಬೇಕಾಗುತ್ತಾ ಅನ್ನೋದು ಮೂರನೇ ಪ್ರಶ್ನೆ. ಮೂರನ್ನೂ ಫೋನಲ್ಲಿ ಬರ್ಕೊಂಡ. ಸ್ಕ್ಯಾನ್ ಇನ್ನೂ ಆಗ್ಬೇಕು.