ಕಿನ್ನಾಳದ ಮರದ ಬೊಂಬೆಗಳು: ಸಂಗ್ರಹಣೆಯ ಒಂದು ಪ್ರಶ್ನೆ

ಕೊಪ್ಪಳ ಸಮೀಪದ ಕಿನ್ನಾಳದ ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ಮರದ ಕೆತ್ತನೆ ಹಾಗೂ ವರ್ಣಲೇಪನವನ್ನು ವೃತ್ತಿಯಾಗಿಸಿಕೊಂಡಿವೆ. ಅಲ್ಲಿಯ ಗಿಳಿ, ಆನೆ, ಹಣ್ಣುಗಳ ಬೊಂಬೆಗಳು ಹುಬ್ಬಳ್ಳಿಯ ಕೇಶ್ವಾಪುರದಂತಹ ಬಡಾವಣೆಗಳ ಗಾಜಿನ ಕಪಾಟುಗಳಿಗೆ ಸಲ್ಲುವಂಥವು. ಅದೇ ಕೈಗಳು ಗ್ರಾಮದೇವತೆಯ ಮೂರ್ತಿಯನ್ನೂ ಮಾಡುತ್ತವೆ. ಸಂಗ್ರಾಹಕರ ತೊಡಕು ಆರಂಭವಾಗುವುದು ಇಲ್ಲಿಯೇ.

ತಯಾರಿಕೆಯ ಕ್ರಮದಿಂದ ಇವೆರಡನ್ನು ಬೇರ್ಪಡಿಸಲಾಗದು. ಹಗುರವಾದ ಪೊಣಿಕಿ ಮರದಲ್ಲಿ ಅಂಗಗಳನ್ನು ಪ್ರತ್ಯೇಕವಾಗಿ ಕೆತ್ತಿ, ಹುಣಸೆಬೀಜದ ಅಂಟಿನಿಂದ ಜೋಡಿಸುತ್ತಾರೆ. ಸೆಣಬಿನ ಚಿಂದಿಯ ಪುಡಿಯಿಂದ ಸಿದ್ಧವಾಗುವ ‘ಕಿಟ್ಟ’ದಿಂದ ಮೈ ತುಂಬಿಸಿ, ಬಟ್ಟೆಯ ಪದರ ಹಚ್ಚಿ, ಅದರ ಮೇಲೆ ಕಲ್ಲುಪುಡಿಯ ಲೇಪ ಕೊಟ್ಟು ಬಣ್ಣ ಬಳಿಯುತ್ತಾರೆ. ಆಭರಣಗಳನ್ನು ಅಂಟು ಬೆರೆಸಿದ ಕಲ್ಲುಪುಡಿಯಿಂದಲೇ ಉಬ್ಬಿಸುತ್ತಾರೆ. ಆಟಿಕೆಗೂ ದೇವರಿಗೂ ಇದೇ ವಿಧಾನ. ಭೇದವಿರುವುದು ವಸ್ತುವಿನಲ್ಲಲ್ಲ, ಅದು ಯಾರಿಗಾಗಿ ಸಿದ್ಧವಾಯಿತು, ಪೂಜೆಗೊಂಡಿತೇ ಎಂಬುದರಲ್ಲಿ.

ಪೂಜೆಗೊಂಡ ಮರದ ಮೂರ್ತಿಗೆ ತನ್ನದೇ ಆದ ಕಾಲಚಕ್ರವಿದೆ. ಶಿರಸಿಯ ಮಾರಿಕಾಂಬೆಯ ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ಅದಕ್ಕೆ ಮುನ್ನ ಮರದ ಮೂರ್ತಿಗೆ ಹೊಸ ಬಣ್ಣ. ಜಾತ್ರೆ ಮುಗಿದ ಮೇಲೆ ಯುಗಾದಿಯ ಮರುಪ್ರತಿಷ್ಠೆಯವರೆಗೆ ಗುಡಿಯ ಬಾಗಿಲು ಮುಚ್ಚಿರುತ್ತದೆ. ಹೀಗೆ ಸವೆಯುವುದು, ಮತ್ತೆ ಬಣ್ಣ ಪಡೆಯುವುದು ದೇವಿಯ ಬದುಕಿನ ಭಾಗವೇ ಆಗಿದೆ. ‘ಹಳೆಯ ಬಣ್ಣ’ಕ್ಕೆ ಹೆಚ್ಚು ಬೆಲೆ ಕಟ್ಟುವ ಸಂಗ್ರಾಹಕನ ಅಭಿರುಚಿ ಈ ಆಚರಣೆಗೆ ನೇರ ವಿರುದ್ಧವಾದುದು.

ಇಂತಹುದೇ ಇಕ್ಕಟ್ಟನ್ನು ಅಮೆರಿಕದ ಅರಿಜೋನಾದ ಹೋಪಿ ಜನ ಎದುರಿಸಿದ್ದಾರೆ. ಹತ್ತಿಮರದ ಬೇರಿನಲ್ಲಿ ಕೆತ್ತಿದ ಕಚಿನಾ ಬೊಂಬೆಗಳು ಕುಣಿತದ ಸಂದರ್ಭದಲ್ಲಿ ಹೆಣ್ಣುಮಕ್ಕಳಿಗೆ ಸಲ್ಲುವ ಕೊಡುಗೆ. ಮಾರಾಟಕ್ಕೆಂದೇ ಹೋಪಿ ಕೆತ್ತನೆಗಾರರು ಮಾಡುವ ಬೊಂಬೆಗಳೂ ಉಂಟು. ಆದರೆ ಕುಣಿತದಲ್ಲಿ ಧರಿಸುವ ಮುಖಗಳ ವಿಷಯದಲ್ಲಿ ಅವರು ರಾಜಿಯಾಗರು. 2013ರಲ್ಲಿ ಪ್ಯಾರಿಸ್ಸಿನ ಹರಾಜುಗಳನ್ನು ಅವರು ನ್ಯಾಯಾಲಯದಲ್ಲಿ ಪ್ರಶ್ನಿಸಿದರೂ ಹರಾಜು ನಿಲ್ಲಲಿಲ್ಲ. ಡಿಸೆಂಬರಿನಲ್ಲಿ ಆನೆನ್‌ಬರ್ಗ್ ಪ್ರತಿಷ್ಠಾನವು 24 ಪವಿತ್ರ ವಸ್ತುಗಳನ್ನು ಕೊಂಡು ಮರಳಿಸಿತು. ಅವುಗಳಲ್ಲಿ 21 ಹೋಪಿಗಳವು.

ನಮ್ಮ ಸಂಗ್ರಹಾಲಯಗಳ ದಾಖಲೆ ಪುಸ್ತಕಗಳಲ್ಲಿ ಮರ, ಎತ್ತರ, ಊರು ಇವಿಷ್ಟೇ ಇದ್ದರೆ ಸಾಲದು. ಮೂರ್ತಿಗೆ ಕಣ್ಣು ತೆರೆಸಲಾಗಿತ್ತೇ, ಕೊಟ್ಟವರಿಗೆ ಕೊಡುವ ಅಧಿಕಾರವಿತ್ತೇ, ಊರವರು ಅದನ್ನು ವಿಸರ್ಜಿಸಿದ್ದರೇ ಎಂಬುದೂ ದಾಖಲಾಗಬೇಕು. ದುರುಗಮುರುಗಿಯವರು ತಲೆಯ ಮೇಲೆ ಹೊರುವ ದೇವಿಯ ಪೆಟ್ಟಿಗೆಯ ವಿಷಯದಲ್ಲಂತೂ ಈ ವಿಚಾರಣೆ ಹೊತ್ತವರ ಮನೆಯಿಂದಲೇ ಆರಂಭವಾಗತಕ್ಕದ್ದು.